ಅರಿಶಿನ ಕುಂಕುಮದ ಬಾಬ್ತು

ಮನೆ ಕೊಳ್ಳುವವರಿಗೆ ಮನೆಗಿಂತ ಮೊದಲು ಬೇಕಾಗುವುದು ಒಂದು ದಪ್ಪ ಫೈಲು. ನನ್ನದನ್ನು ಗಾಂಧಿಬಜಾರಿನಲ್ಲಿ ಕೊಂಡೆ. ನೀಲಿ ರಟ್ಟು, ಕಟ್ಟಲು ಬಿಳಿ ಲಾಡಿ. ಮೇಲೆ ಅಂಟಿಸಿದ ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ 'ಮನೆ' ಎಂದು ಬರೆದೆ. ನಮ್ಮವರು ನೋಡಿ, "ಇನ್ನೂ ಆಗಿಲ್ಲ, ಆಗಲೇ ಲೇಬಲ್ಲು" ಎಂದು ನಕ್ಕರು. ಇಪ್ಪತ್ತೊಂಬತ್ತು ವರ್ಷ ಬಾಡಿಗೆ ಮನೆಗಳಲ್ಲಿ ಬದುಕಿದವಳ ಅವಸರ ಅವರಿಗೂ ಗೊತ್ತಿತ್ತು. ಎನ್.ಆರ್. ಕಾಲೊನಿಯ ವಠಾರದಿಂದ ಶುರುವಾಗಿ ನಾಲ್ಕು ಮನೆ ಬದಲಾಯಿಸಿದ್ದೆವು. ಒಂದೊಂದು ಮನೆಯ ಓನರಿಗೂ ಒಂದೊಂದು ನಿಯಮ. ಒಬ್ಬರಿಗೆ ಗೋಡೆಗೆ ಮೊಳೆ ಹೊಡೆಯಬಾರದು, ಇನ್ನೊಬ್ಬರಿಗೆ ರಾತ್ರಿ ಒಂಬತ್ತರ ಮೇಲೆ ನಲ್ಲಿ ಸದ್ದಾಗಬಾರದು. ನನ್ನ ಮಗಳು ಗೋಡೆಗೆ ಕ್ಯಾಲೆಂಡರ್ ತಗುಲಿಹಾಕುವ ಸುಖವನ್ನು ಮದುವೆಯಾದ ಮೇಲೆಯೇ ಕಂಡಳು.

ತ್ಯಾಗರಾಜನಗರದ ಈ ಫ್ಲಾಟು ಸಿಕ್ಕಿದ್ದು ಬೆಳಗಿನ ವಾಕಿಂಗಿನಲ್ಲಿ. ಹಳೆಯ ಮನೆಯೊಂದನ್ನು ಕೆಡವಿ ಬಿಲ್ಡರಿಗೆ ಕೊಟ್ಟು ಕಟ್ಟಿಸಿದ ಆರು ಫ್ಲಾಟುಗಳ ಕಟ್ಟಡ. ಎರಡನೆಯ ಮಹಡಿ, ಲಿಫ್ಟಿಲ್ಲ, ಎಂಟುನೂರ ಐವತ್ತು ಚದರಡಿ, ಅಡುಗೆಮನೆಗೆ ಪೂರ್ವದ ಬೆಳಕು. ಎಪ್ಪತ್ತೆರಡು ಲಕ್ಷಕ್ಕೆ ಮಾತಾಯಿತು. ನಿವೃತ್ತಿಗೆ ಆರು ವರ್ಷ ಉಳಿದಿರುವ ಮೇಷ್ಟರಮ್ಮನಿಗೆ ಬ್ಯಾಂಕು ಎಷ್ಟು ಸಾಲ ಕೊಟ್ಟೀತು? ಮೂವತ್ತು ಲಕ್ಷ. ಉಳಿದದ್ದಕ್ಕೆ ಪಿ.ಎಫ್., ನಮ್ಮವರ ನಿವೃತ್ತಿಯ ಹಣ, ನನ್ನ ಎರಡೆಳೆ ಸರ. ಆಷಾಢ ಕಳೆಯಲಿ ಎಂದು ಅತ್ತೆಯವರು ಹೇಳಿದ್ದರಿಂದ 2025ರ ಜುಲೈ ಕೊನೆಗೆ ಆರು ಲಕ್ಷ ಮುಂಗಡ ಕೊಟ್ಟು ಕರಾರು ಮಾಡಿಕೊಂಡೆವು. ರಿಜಿಸ್ಟ್ರೇಷನ್ನು ಶ್ರಾವಣದಲ್ಲೇ, ಆಗಸ್ಟ್ 21ರ ಗುರುವಾರ ಎಂದು ನಿಶ್ಚಯ.

ಅಲ್ಲಿಂದ ಫೈಲು ಊದತೊಡಗಿತು. ಮೂಲಪತ್ರ, ಬಿಲ್ಡರಿನೊಂದಿಗಿನ ಕರಾರು, ನಕ್ಷೆ, ಕಂದಾಯದ ರಸೀದಿ, ಬೆಸ್ಕಾಂ ಬಿಲ್ಲು, ಕಾವೇರಿ ನೀರಿನ ಬಿಲ್ಲು, ಕಟ್ಟಡದ ಸಂಘದಿಂದ ಬಾಕಿಯಿಲ್ಲವೆಂಬ ಚೀಟಿ. 2024ರ ಅಕ್ಟೋಬರಿನಿಂದ ನಗರದಲ್ಲಿ ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲವಾದ್ದರಿಂದ ಅದೂ. ಇ.ಸಿ. ಎಂದು ಎಲ್ಲರೂ ಕರೆಯುವ ಋಣಭಾರ ಪತ್ರವಂತೂ ಮನೆಯ ಜಾತಕವೇ ಸರಿ. ಈ ಮನೆಯ ಮೇಲೆ ಯಾರು ಯಾವಾಗ ಸಾಲ ಎತ್ತಿದರು, ಯಾರು ಯಾರಿಗೆ ಬರೆದುಕೊಟ್ಟರು ಎಲ್ಲವೂ ಅದರಲ್ಲಿರುತ್ತದೆ. 2004ರ ಏಪ್ರಿಲ್‌ನಿಂದ ಈಚಿನದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ದಪ್ಪ ಪುಸ್ತಕ ತೆಗೆಸಿ ಹುಡುಕಿಸಬೇಕು. ಮದುವೆಗೆ ಹುಡುಗನನ್ನು ನೋಡುವಾಗ ಇಷ್ಟು ವಿಚಾರಿಸಿದ್ದರೆ ಎಂದು ನಾನು ಅಂದದ್ದಕ್ಕೆ ನಮ್ಮವರು ಉತ್ತರ ಕೊಡಲಿಲ್ಲ.

ಮನೆಯ ಮಾಲೀಕರು ಉಯಿಲು ಬರೆಯದೆ ತೀರಿಕೊಂಡಿದ್ದರು. ಅವರ ಮರಣ ಪ್ರಮಾಣ ಪತ್ರ, ಅದರ ಹಿಂದೆ ವಂಶವೃಕ್ಷ. ವೃಕ್ಷದಲ್ಲಿ ಮೂರೇ ಕೊಂಬೆ: ಹೆಂಡತಿ, ಮಗ, ಮಗಳು. ನಮ್ಮೊಡನೆ ಮಾತಾಡುತ್ತಿದ್ದವರು ಮಗ. ತಾಯಿ ಅವರ ಜೊತೆಯಲ್ಲೇ ಇದ್ದರು, ಹೋದಾಗಲೆಲ್ಲ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದರು. ಮಗಳು ಭದ್ರಾವತಿಯಲ್ಲಿ. "ಅಕ್ಕ ಆವತ್ತು ಬಂದು ಸೈನ್ ಹಾಕ್ತಾಳೆ, ನೀವೇನೂ ಯೋಚನೆ ಮಾಡ್ಬೇಡಿ ಮೇಡಂ" ಎಂದಿದ್ದರು ಮಗ.

ಕ್ರಯಪತ್ರದ ಕರಡು ಕೈಗೆ ಬಂದದ್ದು ಆಗಸ್ಟ್ ಹನ್ನೊಂದಕ್ಕೋ ಹನ್ನೆರಡಕ್ಕೋ. ಮೂವತ್ತು ವರ್ಷ ಸಮಾಜ ಪಾಠವನ್ನೂ ಕನ್ನಡವನ್ನೂ ಕಲಿಸಿದವಳ ಕೈಗೆ ಕಾಗದ ಕೊಟ್ಟರೆ ಏನಾಗುತ್ತದೆ? ಕೆಂಪು ಪೆನ್ನು ತಾನಾಗಿಯೇ ಬಂತು. ಚೆಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದವು. ನಮ್ಮವರ ಹೆಸರು ಆಧಾರಿನಲ್ಲಿ ಒಂದು ರೀತಿ, ಪ್ಯಾನಿನಲ್ಲಿ ಇನ್ನೊಂದು ರೀತಿ, ಕರಡಿನಲ್ಲಿ ಮೂರನೆಯ ರೀತಿ. ಇಂಥ ಹತ್ತು ಹನ್ನೆರಡನ್ನು ತಿದ್ದಿದೆ. ಅಕ್ಕಂದಿರೇ, ಕರಡನ್ನು ನೀವೇ ಕೂತು ಓದಿ. ವಕೀಲರು ಕಾನೂನನ್ನು ನೋಡುತ್ತಾರೆ, ಪತ್ರ ಬರಹಗಾರರು ಹಿಂದಿನ ಪತ್ರದ ನಕಲನ್ನು ನೋಡುತ್ತಾರೆ. ನಿಮ್ಮ ಮನೆಯ ಕಿಟಕಿ ಯಾವ ದಿಕ್ಕಿಗಿದೆ ಎಂದು ಗೊತ್ತಿರುವವರು ನೀವೊಬ್ಬರೇ.

ನಾಲ್ಕನೆಯ ಪುಟಕ್ಕೆ ಬಂದಾಗ ಪೆನ್ನು ನಿಂತಿತು. ಮಾರುವವರು ಮೂವರು, ಮೂವರದೂ ಸಹಿ. ಹಣ ಮಾತ್ರ ಅಷ್ಟೂ ಮಗನ ಹೆಸರಿಗೆ. 'ಎರಡನೆಯ ಮತ್ತು ಮೂರನೆಯವರು ಇದಕ್ಕೆ ಮನಃಪೂರ್ವಕವಾಗಿ ಒಪ್ಪಿರುತ್ತಾರೆ' ಎಂದು ಒಂದು ಸಾಲು. ಕಾಗುಣಿತ ತಪ್ಪಿರಲಿಲ್ಲ. ವ್ಯಾಕರಣವೂ ಸರಿಯಾಗಿತ್ತು.

ವಕೀಲರನ್ನು ಕೇಳಿದೆ. "ಮೂರೂ ಜನ ಒಪ್ಪಿ ಸಹಿ ಹಾಕಿದರೆ ನಿಮಗೆ ತೊಂದರೆಯೇನಿಲ್ಲಮ್ಮ. ಅವರವರ ಪಾಲು ಅವರವರಿಗೇ ಹೋದರೆ ಇನ್ನೂ ಭದ್ರ, ಅಷ್ಟೆ" ಎಂದರು. ಆ 'ಅಷ್ಟೆ'ಯಲ್ಲಿ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಮಗನಿಗೆ ಫೋನು ಮಾಡಿ, ಮೂರು ಹೆಸರಿಗೆ ಮೂರು ಡಿ.ಡಿ. ತರುತ್ತೇವೆ ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ನಮ್ಮ ಮನೆ ವಿಷಯ ಮೇಡಂ. ಅಕ್ಕಂಗೆ ಮದುವೇಲೇ ಎಲ್ಲಾ ಕೊಟ್ಟಾಗಿದೆ. ಅರಿಶಿನ ಕುಂಕುಮಕ್ಕೆ ಅಂತ ಏನೋ ಒಂದು ಕೊಡ್ತೀವಿ, ಅವಳೂ ಒಪ್ಪಿದ್ದಾಳೆ."

ಅರಿಶಿನ ಕುಂಕುಮಕ್ಕೆ ಎಂಬ ಮಾತು ಕೇಳಿದ ಮೇಲೆ ನನಗೆ ಉಳಿದದ್ದು ಕೇಳಿಸಲಿಲ್ಲ.

ಹೇಳಿಬಿಡುತ್ತೇನೆ. ನಮ್ಮ ಅಪ್ಪ ತಿಪಟೂರಿನಲ್ಲಿ ಸ್ವಂತ ಸಂಪಾದನೆಯಿಂದ ಒಂದು ಮನೆ ಕಟ್ಟಿಸಿದ್ದರು. 2005ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಬೇಸಿಗೆ ರಜೆಯಲ್ಲಿ ನನ್ನನ್ನು ಅಣ್ಣಂದಿರು ಕರೆಸಿಕೊಂಡರು. ಅತ್ತಿಗೆ ಹೋಳಿಗೆ ಮಾಡಿದ್ದರು. ಊಟವಾದ ಮೇಲೆ ಕಾರಿನಲ್ಲಿ ಕೂರಿಸಿಕೊಂಡು ರಿಜಿಸ್ಟ್ರಾರ್ ಆಫೀಸಿಗೆ ಹೋದರು. ದೊಡ್ಡಣ್ಣ, "ಇಲ್ಲಿ ಒಂದು, ಇಲ್ಲಿ ಒಂದು" ಎಂದು ಬೆರಳಿಟ್ಟು ತೋರಿಸಿದ. ಹಾಕಿದೆ. ಹಕ್ಕು ಬಿಡುಗಡೆ ಪತ್ರ. ಮನೆಗೆ ಬಂದ ಮೇಲೆ ತಟ್ಟೆಯಲ್ಲಿ ಐದು ಸಾವಿರ ರೂಪಾಯಿ, ಬಾಟಲ್ ಹಸಿರಿನ ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ, ಎಲೆ ಅಡಿಕೆ. ಅಮ್ಮ ಕೂಡ ಅಲ್ಲೇ ನಿಂತಿದ್ದಳು. ಎಲ್ಲರ ಮುಖದಲ್ಲೂ ಸಂತೋಷ. ನನ್ನ ಮುಖದಲ್ಲೂ ಇದ್ದಿರಬೇಕು.

ಮಕ್ಕಳ ಕಾಪಿ ಪುಸ್ತಕದಲ್ಲಿ ಒಂದು ಒತ್ತಕ್ಷರ ಬಿಟ್ಟರೂ ಸುತ್ತು ಹಾಕುವ ನಾನು ಆ ಪತ್ರವನ್ನು ಓದಲಿಲ್ಲ. ಓದಿದರೆ ಅಣ್ಣಂದಿರ ಮೇಲೆ ಅನುಮಾನ ಪಟ್ಟಂತೆ ಆಗುತ್ತದೆ ಎಂದು. ಅದೇ ವರ್ಷ ತರಗತಿಯಲ್ಲಿ ಹೆಣ್ಣುಮಕ್ಕಳ ಆಸ್ತಿಹಕ್ಕಿನ ಬಗ್ಗೆ ಪಾಠ ಮಾಡಿದ್ದೆ, ಪತ್ರಿಕೆಯ ತುಣುಕನ್ನು ಕತ್ತರಿಸಿ ಬೋರ್ಡಿಗೆ ಅಂಟಿಸಿದ್ದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲಿ ಕಾನೂನು ಮಾಡಿದಾಗ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಬಂದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇವೆಲ್ಲ ಪಿತ್ರಾರ್ಜಿತದ ಮಾತು. ನಮ್ಮಪ್ಪನಂತೆ ತಾನೇ ದುಡಿದು ಕಟ್ಟಿಸಿ, ಉಯಿಲು ಬರೆಯದೆ ಹೋದವರ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಹೋದವರ ತಾಯಿ ಇದ್ದರೆ ಅವರು, ಎಲ್ಲರಿಗೂ ಸಮಪಾಲು ಎಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇತ್ತು. ನಾನು ಹುಟ್ಟುವ ಮೊದಲೇ. ಈಗಲೂ ಸ್ಟಾಫ್ ರೂಮಿನಲ್ಲಿ ಎಷ್ಟೋ ಜನ, ಮೊನ್ನೆಮೊನ್ನೆ ಬಂದ ಕಾನೂನು ಎಂದೇ ತಿಳಿದಿದ್ದಾರೆ.

ತಿಪಟೂರಿನ ಮನೆ ನನಗೆ ಬೇಕಿತ್ತೇ ಎಂದರೆ, ಇಲ್ಲ. ದೊಡ್ಡಣ್ಣ ಅಮ್ಮನನ್ನು ಕೊನೆಯವರೆಗೂ ಅಲ್ಲೇ ನೋಡಿಕೊಂಡ. ಬೇಕೇನಮ್ಮಾ ಎಂದು ಕೇಳಿದ್ದರೆ ಬೇಡ ಅಂತಲೇ ಅನ್ನುತ್ತಿದ್ದೆ. ಕೇಳಲಿಲ್ಲ.

ಆದರೆ ಇದನ್ನೆಲ್ಲ ತ್ಯಾಗರಾಜನಗರದ ಮಗನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಟಿ.ಡಿ.ಎಸ್. ನೆಪ ಹಿಡಿದೆ. ಐವತ್ತು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮನೆಗೆ ಕೊಳ್ಳುವವರೇ ನೂರಕ್ಕೆ ಒಂದರಂತೆ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. "ಮೂವರೂ ಒಡೆಯರು, ಮೂವರ ಪ್ಯಾನ್ ಮೇಲೂ ಕಟ್ಟಬೇಕು, ಆದ್ದರಿಂದ ಮೂವರಿಗೂ ಬೇರೆಬೇರೆ ಕೊಡುತ್ತೇವೆ" ಎಂದೆ. ಮಾತು ಸುಳ್ಳಲ್ಲ, ಉದ್ದೇಶ ಬೇರೆ. ಮಗ ಬುದ್ಧಿವಂತರು, ಅರ್ಥವಾಯಿತು. "ನೋಡ್ತೀನಿ ಮೇಡಂ. ಬೇರೆ ಪಾರ್ಟಿನೂ ಕೇಳ್ತಿದ್ದಾರೆ" ಎಂದು ಫೋನಿಟ್ಟರು.

ನಮ್ಮವರಿಗೆ ಸಿಟ್ಟು ಬಂತು. ಅವರಿಗೆ ಸಿಟ್ಟು ಬಂದರೆ ದನಿ ಇಳಿಯುತ್ತದೆ. "ನಾವು ಮನೆ ತಗೊಳ್ಳೋಕೆ ಹೋಗಿದ್ದೀವೋ, ಪಂಚಾಯ್ತಿ ಮಾಡೋಕೆ ಹೋಗಿದ್ದೀವೋ? ಆಯಮ್ಮ ಬಂದು ನಿನ್ನ ಕೇಳಿದ್ಲಾ?"

ಕೇಳಿರಲಿಲ್ಲ. ಆಕೆಯ ಮುಖವನ್ನೇ ನಾನು ನೋಡಿರಲಿಲ್ಲ. ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಆಗಸ್ಟ್ 21 ಬಂತು, ಹೋಯಿತು. ಆ ಗುರುವಾರ ರಜಾ ಹಾಕಿದ್ದೆ, ಮನೆಯಲ್ಲಿ ಕೂತು ಅವರೆಕಾಳು ಇಲ್ಲದ ಕಾಲದಲ್ಲಿ ಹುರುಳಿಕಾಳು ಆರಿಸಿದೆ. ಆರು ಲಕ್ಷ ಮುಂಗಡ ಅವರ ಹತ್ತಿರ. ಬ್ಯಾಂಕಿನ ಹುಡುಗ ದಿನಕ್ಕೆರಡು ಸಲ ಫೋನು ಮಾಡಿ, "ಮೇಡಂ, ಡೇಟ್ ಯಾವಾಗ?" ಎನ್ನುತ್ತಿದ್ದ. ಈಗಿನ ಮನೆಯ ಓನರು ಸೆಪ್ಟೆಂಬರಿಗೆ ಬೇರೆ ಬಾಡಿಗೆದಾರರನ್ನು ಗೊತ್ತುಮಾಡಿ ಆಗಿತ್ತು.

ಆ ದಿನಗಳಲ್ಲೇ ನನ್ನ ಬಿಡುಗಡೆ ಪತ್ರದ ದೃಢೀಕೃತ ನಕಲಿಗೆ ಕಾವೇರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದೆ. ಯಾಕೆ ಹಾಕಿದೆನೋ. ಫೈಲು ಮಾಡುವ ಚಟ ಹತ್ತಿತ್ತು ಎನ್ನಿ. ಬಂದ ರಾತ್ರಿ ಅಡುಗೆಮನೆಯ ದೀಪದಲ್ಲಿ ನಿಂತೇ ಓದಿದೆ. ನನ್ನ ವಿವಾಹ ಕಾಲದಲ್ಲಿ ನನಗೆ ಸಲ್ಲಬೇಕಾದ್ದೆಲ್ಲ ಸಂದಿರುವುದಾಗಿಯೂ, ಅರಿಶಿನ ಕುಂಕುಮದ ಬಾಬ್ತು ಐದು ಸಾವಿರ ಪಡೆದು ಯಾರ ಬಲವಂತವೂ ಇಲ್ಲದೆ ಹಕ್ಕು ಬಿಟ್ಟುಕೊಟ್ಟಿರುವುದಾಗಿಯೂ ಬರೆದಿತ್ತು. ಎಲ್ಲ ನಿಜವೇ, ಯಾರೂ ಬಲವಂತ ಮಾಡಿರಲಿಲ್ಲ. ಕೊನೆಯಲ್ಲಿ 'ಓದಿ ತಿಳಿದು ಸಹಿ ಮಾಡಿರುತ್ತೇನೆ' ಎಂದಿತ್ತು. ಅದೊಂದೇ ಸುಳ್ಳು, ಅದನ್ನು ಹೇಳಿದವಳು ನಾನು.

ಆಗಸ್ಟ್ 26ರ ಗೌರಿಹಬ್ಬದ ಬೆಳಿಗ್ಗೆ ಎಂದಿನಂತೆ ಅಣ್ಣಂದಿರು ಒಬ್ಬೊಬ್ಬರೂ ಐನೂರು ಕಳಿಸಿದರು. ಮೊದಲು ಮನಿಯಾರ್ಡರು, ಈಗ ಫೋನಿನಲ್ಲೇ ಟಣ್ ಎಂದು ಬಂದು ಬೀಳುತ್ತದೆ. 'ಗೌರಿಹಬ್ಬದ ಅರಿಶಿನ ಕುಂಕುಮ' ಎಂದು ದೊಡ್ಡಣ್ಣ ಬರೆದಿದ್ದ. ಓದಿ ಕಣ್ಣು ತುಂಬಿತು. ನೀವು ನಂಬಿ, ಸಿಟ್ಟಿನಿಂದಲ್ಲ. ಆ ಐನೂರು ಬರದ ವರ್ಷವೊಂದನ್ನು ಊಹಿಸಿಕೊಂಡು.

ಗಣಪತಿ ಬಿಟ್ಟ ಮರುದಿನ ಮಗನ ಫೋನು ಬಂತು. "ಆಯ್ತು ಮೇಡಂ, ಮೂರೇ ಮಾಡ್ಸಿ." ಅವರ ಮನೆಯಲ್ಲಿ ಏನು ನಡೆಯಿತೋ, ಯಾರು ಏನೆಂದರೋ ನಮಗೆ ತಿಳಿಯದು. ತಾಯಿ ಏನಾದರೂ ಹೇಳಿರಬಹುದೆಂದು ನನ್ನ ಊಹೆ. ಅಷ್ಟರಲ್ಲಿ ಸರ್ಕಾರದ ಆದೇಶ ಬಂದಿತ್ತು: ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ ಒಂದರ ಬದಲು ಎರಡು. ಕರಡು ಬದಲಾಗಿದ್ದರಿಂದ ಮತ್ತೆ ಅಪ್‌ಲೋಡ್ ಮಾಡಿ, ಅಲ್ಲಿಂದ ಒಪ್ಪಿಗೆ ಬಂದು, ಹಣ ಕಟ್ಟಿ, ಸ್ಲಾಟು ಸಿಗುವಷ್ಟರಲ್ಲಿ ಆ ತಾರೀಕು ದಾಟುವುದು ಖಚಿತವಿತ್ತು. ಮುದ್ರಾಂಕ ಶುಲ್ಕ ನೂರಕ್ಕೆ ಐದು, ಆ ಶುಲ್ಕದ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 4,03,200 ರೂಪಾಯಿ ಮೊದಲೂ ಇದ್ದದ್ದೇ. ನೋಂದಣಿ ಶುಲ್ಕ ಮಾತ್ರ 72,000 ಇದ್ದದ್ದು 1,44,000 ಆಯಿತು. ನನ್ನ ಪಂಚಾಯ್ತಿಯ ದಂಡ ಎಪ್ಪತ್ತೆರಡು ಸಾವಿರ. ಅಡುಗೆಮನೆಯ ಕಟ್ಟೆಗೆ ಹೊಸ ಗ್ರಾನೈಟು ಹಾಕಿಸಲು ಎತ್ತಿಟ್ಟಿದ್ದ ಹಣ ಅದು. ನಮ್ಮವರು ಲೆಕ್ಕ ಬರೆದ ಚೀಟಿಯನ್ನು ಮುಂದಿಟ್ಟು, "ತ್ಯಾಗರಾಜನಗರಕ್ಕೆ ಹೋಗೋರು ಏನಾದ್ರೂ ತ್ಯಾಗ ಮಾಡ್ಲೇಬೇಕಲ್ಲ" ಎಂದರು. ಅಲ್ಲಿಗೆ ಅವರ ಸಿಟ್ಟು ಇಳಿದಿದೆ ಎಂದು ತಿಳಿಯಿತು.

ಟಿ.ಡಿ.ಎಸ್. ಎಂದು ನೆಪ ಹೇಳಿದ್ದಕ್ಕೆ ಅದೂ ಸೇಡು ತೀರಿಸಿಕೊಂಡಿತು. ಕೊಳ್ಳುವವರು ಇಬ್ಬರು, ಮಾರುವವರು ಮೂವರು. ಪ್ರತಿ ಜೋಡಿಗೂ ಒಂದೊಂದರಂತೆ 26ಕ್ಯೂಬಿ ಎಂಬ ಫಾರಂ ಆರು ಸಲ ತುಂಬಬೇಕಿತ್ತು. ಮಗಳು ಫೋನಿನಲ್ಲಿ ಹೇಳಿಕೊಡುತ್ತ, ನಾನು ಒತ್ತುತ್ತ, ಎರಡು ರಾತ್ರಿ ಹೋಯಿತು.

ಪಿತೃಪಕ್ಷ ಹಿಡಿಯುವ ಮೊದಲೇ ಮುಗಿಯಬೇಕೆಂದು ಆ ಕಡೆಯ ತಾಯಿಯೂ ಈ ಕಡೆಯ ಅತ್ತೆಯವರೂ ಹೇಳಿದ್ದರು. ಸೆಪ್ಟೆಂಬರ್ 4, ಗುರುವಾರ ಸಿಕ್ಕಿತು. ಅದಕ್ಕೆ ಎರಡು ದಿನ ಮೊದಲು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ ಐದು ನಗರ ಪಾಲಿಕೆಗಳಾಗಿದ್ದವು. ನನ್ನ ಫೈಲಿನ ಇ-ಖಾತೆಯಲ್ಲಿ ಹಳೆಯ ಪಾಲಿಕೆಯ ಹೆಸರೇ ಇದೆ. ಇರಲಿ, ನೆನಪಿಗೆ.

ಬೆಳಿಗ್ಗೆ ಬೀರು ತೆಗೆದು ಬಾಟಲ್ ಹಸಿರಿನ ಸೀರೆಯನ್ನು ಕೈಗೆತ್ತಿಕೊಂಡೆ. ಮತ್ತೆ ಮಡಿಸಿಟ್ಟು ಸಾದಾ ಮೈಸೂರು ಸಿಲ್ಕು ಉಟ್ಟೆ. ಫೈಲು, ಎಲ್ಲರ ಆಧಾರ್ ಪ್ಯಾನಿನ ಜೆರಾಕ್ಸು, ಸಾಕ್ಷಿಗೆಂದು ಸಹೋದ್ಯೋಗಿ ಇಬ್ಬರು, ನೀರಿನ ಬಾಟಲಿ, ಎರಡು ಪೆನ್ನು. ಡಿ.ಡಿ.ಗಳನ್ನು ನಮ್ಮವರು ಶರ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಹತ್ತು ಹೆಜ್ಜೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮುಂಗಡ ಕಳೆದು ಮಗನಿಗೆ 17,76,000. ತಾಯಿಗೂ ಮಗಳಿಗೂ ತಲಾ 23,76,000.

ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದರು ಭದ್ರಾವತಿಯ ಅಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ರಾತ್ರಿ ರೈಲಿನಲ್ಲಿ ಬಂದು ಸ್ಟೇಷನ್ನಿನಲ್ಲೇ ಮುಖ ತೊಳೆದುಕೊಂಡು ಬಂದಿದ್ದರು. ತಮ್ಮನ ಮನೆಗೆ ಹೋಗದೆ ನೇರ ಇಲ್ಲಿಗೆ ಬಂದದ್ದು ಕೈಯಲ್ಲಿನ ಬ್ಯಾಗಿನಿಂದ ಗೊತ್ತಾಗುತ್ತಿತ್ತು. ನಮಸ್ಕಾರ ಎಂದೆ. ಅವರೂ ಎಂದರು. ನಾನು ಕರಡಿನ ಪ್ರತಿಯನ್ನು ಅವರ ಕೈಗೆ ಕೊಟ್ಟು, "ಓದ್ಕೊಳ್ಳಿ, ಇನ್ನೂ ಹೊತ್ತಿದೆ" ಎಂದೆ. ಸರ್ವರು ನಿಧಾನವಾಗಿತ್ತು, ಹೊತ್ತು ಬೇಕಾದಷ್ಟಿತ್ತು. ಅವರು ಕನ್ನಡಕ ತೆಗೆದು, ಬೆಂಚಿನ ತುದಿಯಲ್ಲಿ ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಒಂದೊಂದು ಪುಟ ಮಗುಚುವಾಗಲೂ ಬೆರಳನ್ನು ತುಟಿಗೆ ಮುಟ್ಟಿಸುತ್ತ.

ಒಳಗೆ ಫೋಟೋ, ಹೆಬ್ಬೆಟ್ಟು. ತಾಯಿಯ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ಎಂಬತ್ತು ವರ್ಷ ಪಾತ್ರೆ ತಿಕ್ಕಿದ ಬೆರಳು, ಗೆರೆಯೆಲ್ಲಿ ಉಳಿದೀತು? ಮಗಳು ತನ್ನ ಸೆರಗಿನಿಂದ ಒರೆಸಿ, ಊದಿ, ಹಿಡಿದು ಒತ್ತಿಸಿದರು. ನಾಲ್ಕನೆಯ ಸಲಕ್ಕೆ ಬಂತು. ಅಧಿಕಾರಿ ಪ್ರತಿಯೊಬ್ಬರನ್ನೂ, "ಹಣ ಬಂತಾ?" ಎಂದು ಕೇಳಿದರು. ಮಗ ಬಂತು ಎಂದರು. ತಾಯಿ ಮಗನ ಮುಖ ನೋಡಿ ತಲೆಯಾಡಿಸಿದರು. ಅಕ್ಕ ಯಾರ ಮುಖವನ್ನೂ ನೋಡದೆ ಡಿ.ಡಿ.ಯನ್ನು ಮೇಜಿನ ಮೇಲೆ ಇಟ್ಟು, ಅದರ ಮೇಲಿದ್ದ ತಮ್ಮ ಹೆಸರನ್ನು ಓದಿಕೊಂಡು, "ಬಂತು" ಎಂದರು.

ಹೊರಗೆ ಬಂದಾಗ ಮಗ ತಾಯಿಯನ್ನು ಕರೆದುಕೊಂಡು ಆಟೋ ಹತ್ತಿದರು. ಅಕ್ಕನನ್ನು ಬಾ ಎನ್ನಲಿಲ್ಲ. ನಾನು ಅವರನ್ನು ಹೋಟೆಲಿಗೆ ಕರೆದೆ. ಕಾಫಿ ಕುಡಿಯುತ್ತ ತುಂಬ ಹೊತ್ತು ಸುಮ್ಮನಿದ್ದು, "ನೀವು ಒಳ್ಳೇದಕ್ಕೇ ಮಾಡಿದ್ರಿ. ನನ್ನ ಗಂಡಂಗೂ ಆಪರೇಷನ್ ಆಗ್ಬೇಕಿತ್ತು, ದುಡ್ಡು ಬೇಕಿತ್ತು. ಆದ್ರೆ ಟೀಚರೇ, ಈ ಸಲ ಬಾಗಿನ ಬರಲಿಲ್ಲ" ಎಂದರು. ದೂರು ಹೇಳುವ ದನಿಯಲ್ಲ. ಮಳೆ ಬರಲಿಲ್ಲ ಎನ್ನುವ ಹಾಗೆ.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಇನ್ನೊಂದು ಇಡ್ಲಿ ತಗೊಳ್ಳಿ ಎಂದೆ.

ಈಗ ನಾವು ಎರಡನೆಯ ಮಹಡಿಯಲ್ಲಿದ್ದೇವೆ. ಅಡುಗೆಮನೆಯ ಕಟ್ಟೆ ಹಳೆಯದೇ, ಬೆಳಕು ಮಾತ್ರ ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ. ನವರಾತ್ರಿಯಲ್ಲಿ ಆ ತಾಯಿಯನ್ನು ಕುಂಕುಮಕ್ಕೆ ಕರೆದಿದ್ದೆ. ಬಂದರು. ತಾಂಬೂಲ ತೆಗೆದುಕೊಂಡು ಕೋಣೆಗಳನ್ನೆಲ್ಲ ಒಂದು ಸುತ್ತು ನೋಡಿ ಹೋದರು. ತಮ್ಮ ಡಿ.ಡಿ.ಯ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ತೆರಿಗೆ ಕಟ್ಟಿದ್ದಕ್ಕೆ 16ಬಿ ಎಂಬ ಪ್ರಮಾಣ ಪತ್ರವನ್ನು ಮಾರಿದವರಿಗೆ ನಾವೇ ಕೊಡಬೇಕಿತ್ತು. ದೀಪಾವಳಿ ಕಳೆದ ಮೇಲೆ ಭದ್ರಾವತಿಗೆ ಅದನ್ನು ಅಂಚೆಯಲ್ಲಿ ಕಳಿಸಿದೆ. ತಲುಪಿತೆಂದು ಅಕ್ಕ ಫೋನು ಮಾಡಿದರು. ಆಪರೇಷನ್ನು ಆಗಿದೆ, ಯಜಮಾನರು ಓಡಾಡುತ್ತಿದ್ದಾರಂತೆ. ಉಳಿದ ಹಣವನ್ನು ತಮ್ಮ ಹೆಸರಿಗೇ ಎಫ್.ಡಿ. ಇಟ್ಟರಂತೆ. ತಮ್ಮ ಫೋನು ಮಾಡಿದರೇ ಎಂದು ಕೇಳಿದೆ. "ಇನ್ನೂ ಇಲ್ಲ" ಎಂದರು. ಆಮೇಲೆ, ಹಾಲಿನ ಕಿಟಕಿಯ ಚಿಲಕ ಮೊದಲಿನಿಂದಲೂ ಬಿಗಿ, ಕೊಬ್ಬರಿ ಎಣ್ಣೆ ಹಾಕಿದರೆ ಸರಿಹೋಗುತ್ತದೆ ಎಂದು ಹೇಳಿಕೊಟ್ಟರು.

ಹಾಕಿದೆ. ಸರಿಹೋಯಿತು.